ಕ್ಯಾಪ್ಟನ್ ಮ್ಯಾರಿಯಟ್ ಪುಕ್ಕಟೆ ಸಿಗುತ್ತಾನೆ, ಹಡಗು ಸಿಗುವುದಿಲ್ಲ

ವಿಜಯಪುರದಿಂದ ಕಡಲು ದೂರ. ಇಲ್ಲಿನವರಿಗೆ ದೊಡ್ಡ ನೀರು ಅಂದರೆ ಆಲಮಟ್ಟಿಯ ಹಿನ್ನೀರು, ಅಲೆ ಅಂದರೆ ಕೊಲ್ಹಾರದ ಸೇತುವೆ ಮೇಲಿಂದ ಗಾಳಿ ದಿನ ಕಾಣುವಷ್ಟೇ. ಆದರೂ ಕಡಲ ಕತೆ ಓದುವ ಮಂದಿ ಇಲ್ಲಿ ಇದ್ದಾರೆ. 1963ರಿಂದ ಸೈನಿಕ ಶಾಲೆ ಇರುವ ಊರು ಇದು. ಬಿಳಿ ಸಮವಸ್ತ್ರದ ಕನಸು ಕಾಣುವ ಹುಡುಗರು ಪ್ರತಿ ವರ್ಷ ಬರುತ್ತಾರೆ. ಅಂಥವರ ಕೈಗೆ ಕೊಡಬೇಕಾದ ಮೊದಲ ಲೇಖಕ ಫ್ರೆಡರಿಕ್ ಮ್ಯಾರಿಯಟ್. ಇಪ್ಪತ್ತಕ್ಕೂ ಹೆಚ್ಚು ವರ್ಷ ಬ್ರಿಟಿಷ್ ನೌಕಾಪಡೆಯಲ್ಲಿ ದುಡಿದು, ಆಮೇಲೆ ಕಾದಂಬರಿಕಾರನಾದವನು. ಪುಸ್ತಕದಂಗಡಿಯಲ್ಲಿ ಅವನನ್ನು ಹುಡುಕಿ ಸುಸ್ತಾಗುವುದಕ್ಕಿಂತ ಹಳೆಯ ಪುಸ್ತಕಗಳನ್ನು ಪುಕ್ಕಟೆ ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಿಂದ ಇಳಿಸಿಕೊಳ್ಳುವುದು ಸಲೀಸು. ಈ ವಿಮರ್ಶೆ ಆ ಸೇವೆಯದು: ಕಡತ ಹೇಗಿದೆ, ಓದುವಾಗ ಎಲ್ಲಿ ಮುಗ್ಗರಿಸಬೇಕಾಗುತ್ತದೆ, ಊರಲ್ಲೇ ಮುದ್ರಿಸಿ ಹೊಲಿಸಿದರೆ ಏನಾಗುತ್ತದೆ ಎಂಬುದರದು.

ತೀರ್ಪು ಮೊದಲೇ ಹೇಳಿಬಿಡೋಣ. ಪಠ್ಯಕ್ಕೆ ಐದರಲ್ಲಿ ನಾಲ್ಕೂವರೆ ಕೊಡಬಹುದು. ಹೊಸ ಓದುಗನಿಗೆ ಬೇಕಾದ ನೆರವಿಗೆ ಎರಡಕ್ಕಿಂತ ಹೆಚ್ಚು ಕೊಡಲಾಗದು. ಶಬ್ದಗಳೆಲ್ಲ ಬರುತ್ತವೆ, ಹಡಗು ಬರುವುದಿಲ್ಲ. ಹಡಗನ್ನು ಓದುಗನೇ ಕಟ್ಟಿಕೊಳ್ಳಬೇಕು.

ಮ್ಯಾರಿಯಟ್‌ನ ಬದುಕು ಗೊತ್ತಿಲ್ಲದೆ ಈ ಕಡತ ತೆರೆದರೆ ಅರ್ಧ ಸ್ವಾರಸ್ಯ ಹೋಗುತ್ತದೆ, ಏಕೆಂದರೆ ಅವನ ಕತೆಗಳ ಕಚ್ಚಾ ಸಾಮಾನೆಲ್ಲ ಅವನ ಸೇವಾ ದಾಖಲೆಯಲ್ಲೇ ಇದೆ. ಹುಟ್ಟಿದ್ದು 1792ರ ಜುಲೈ 10, ಲಂಡನ್ನಿನಲ್ಲಿ. ತಂದೆ ದೊಡ್ಡ ವ್ಯಾಪಾರಿ, ಸಂಸತ್ ಸದಸ್ಯ. ತಾಯಿ ಅಮೆರಿಕದ ಬಾಸ್ಟನ್ನಿನವಳು. ಮನೆ ಬಿಟ್ಟು ಕಡಲಿಗೆ ಓಡಿಹೋಗಲು ಹುಡುಗ ಹಲವು ಸಲ ನೋಡಿದ. ಕೊನೆಗೆ ತಂದೆಯೇ ಸೋತು 1806ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ‘ಇಂಪೀರಿಯೂಸ್’ ಎಂಬ 38 ತೋಪಿನ ಫ್ರಿಗೇಟಿಗೆ, ಅಂದರೆ ವೇಗದ ಯುದ್ಧಹಡಗಿಗೆ, ಸೇರಿಸಿದ. ಆ ಹಡಗಿನ ಕ್ಯಾಪ್ಟನ್ ಲಾರ್ಡ್ ಕಾಕ್ರೇನ್. ಫ್ರೆಂಚರ ಕರಾವಳಿಯಲ್ಲಿ ರಾತ್ರಿ ಇಳಿದು ಸಂಕೇತ ಕೇಂದ್ರ ಸುಡುವುದು, ಬಂದರಿನೊಳಗೆ ನುಗ್ಗಿ ಹಡಗು ಎಳೆದು ತರುವುದು, ಹೀಗೆ ಧೈರ್ಯವನ್ನು ಲೆಕ್ಕ ಹಾಕಿ ಖರ್ಚು ಮಾಡುವ ಮನುಷ್ಯ. ಅವನ ಕೈಕೆಳಗೆ ಮೂರು ವರ್ಷದಲ್ಲಿ ಮ್ಯಾರಿಯಟ್ ಸಣ್ಣ ದೊಡ್ಡ ಐವತ್ತಕ್ಕೂ ಹೆಚ್ಚು ಕಾಳಗ ಕಂಡ. 1809ರ ಏಪ್ರಿಲಿನಲ್ಲಿ ಫ್ರಾನ್ಸಿನ ಕರಾವಳಿಯ ಬಾಸ್ಕ್ ರೋಡ್ಸ್‌ನಲ್ಲಿ ಬೆಂಕಿಹಡಗುಗಳನ್ನು ಶತ್ರುಗಳ ಮೇಲೆ ಬಿಟ್ಟ ರಾತ್ರಿಯೂ ಅವನು ಅಲ್ಲಿದ್ದ. ಅವನ ಕಾದಂಬರಿಯ ಒಳ್ಳೆಯ ಕ್ಯಾಪ್ಟನ್ನರೆಲ್ಲ ಒಂದಿಷ್ಟು ಕಾಕ್ರೇನ್ ಆಗಿರುವುದು ಅದಕ್ಕೇ.

ಮುಂದಿನ ಮೆಟ್ಟಿಲುಗಳನ್ನು ಬೇಗ ಹತ್ತಬಹುದು. 1812ರ ಕೊನೆಗೆ ಲೆಫ್ಟಿನೆಂಟ್, 1815ಕ್ಕೆ ಕಮಾಂಡರ್. 1817ರಲ್ಲಿ ವ್ಯಾಪಾರಿ ಹಡಗುಗಳಿಗಾಗಿ ಬಾವುಟಗಳ ಸಂಕೇತ ಸಂಹಿತೆ ಪ್ರಕಟಿಸಿದ; ಅದು ದಶಕಗಳ ಕಾಲ ಬಳಕೆಯಲ್ಲಿತ್ತು. 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ನೆಪೋಲಿಯನ್ ಸತ್ತಾಗ ‘ಬೀವರ್’ ಹಡಗಿನ ನಾಯಕನಾಗಿ ಅಲ್ಲಿದ್ದು, ಹೆಣದ ರೇಖಾಚಿತ್ರ ಬರೆದ. ಬಲವಂತದ ನೌಕಾಭರ್ತಿಯನ್ನು, ಅಂದರೆ ಬೀದಿಯಲ್ಲಿ ಸಿಕ್ಕವರನ್ನು ಹಿಡಿದು ಹಡಗಿಗೆ ತುಂಬುವ ಪದ್ಧತಿಯನ್ನು, ನಿಲ್ಲಿಸಿರೆಂದು 1822ರಲ್ಲಿ ಕಿರುಪುಸ್ತಕ ಬರೆದು ಮೇಲಿನವರ ಸಿಟ್ಟು ಕಟ್ಟಿಕೊಂಡ. 1824ರಲ್ಲಿ ಮೊದಲ ಬರ್ಮಾ ಯುದ್ಧಕ್ಕೆ ‘ಲಾರ್ನ್’ ಹಡಗಿನೊಂದಿಗೆ ರಂಗೂನಿಗೆ ಬಂದ. ಕಲ್ಕತ್ತದ ಕಿದ್ದರ್‌ಪುರದಲ್ಲಿ ಕಟ್ಟಿದ ‘ಡಯಾನಾ’ ಎಂಬ ಪುಟ್ಟ ಉಗಿಹಡಗನ್ನು ಐರಾವತಿ ನದಿಯ ಯುದ್ಧಕ್ಕೆ ಬಳಸಬೇಕೆಂದು ಒತ್ತಾಯಿಸಿದವರಲ್ಲಿ ಅವನೂ ಒಬ್ಬ. 1829ರಲ್ಲಿ, ಇನ್ನೂ ಸೇವೆಯಲ್ಲಿದ್ದಾಗಲೇ, ಮೊದಲ ಕಾದಂಬರಿ ಬಂತು. 1830ರಲ್ಲಿ ನೌಕಾಪಡೆಯನ್ನೇ ಬಿಟ್ಟ. ಆಮೇಲಿನ ಹದಿನೆಂಟು ವರ್ಷ ಲೇಖನಿಯ ದುಡಿಮೆ, ಒಂದಿಷ್ಟು ವರ್ಷ ಪತ್ರಿಕೆಯ ಸಂಪಾದಕತ್ವ, ಹನ್ನೊಂದು ಮಕ್ಕಳ ಸಂಸಾರ, ಕೈಯಲ್ಲಿ ನಿಲ್ಲದ ದುಡ್ಡು. 1847ರ ಡಿಸೆಂಬರಿನಲ್ಲಿ ‘ಅವೆಂಜರ್’ ಹಡಗು ಮುಳುಗಿ ಅದರಲ್ಲಿದ್ದ ಹಿರಿಮಗ ತೀರಿಕೊಂಡ. ಮರುವರ್ಷ ಆಗಸ್ಟ್ 9ರಂದು ನಾರ್ಫೋಕಿನ ಲ್ಯಾಂಗಮ್ ಎಂಬ ಹಳ್ಳಿಯಲ್ಲಿ ತಂದೆಯೂ ಹೋದ.

ಲೇಖಕ ಸತ್ತು 60 ವರ್ಷವಾದರೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಮುಗಿಯಿತು. ಇವನು ಸತ್ತು ಅದರ ಸುಮಾರು ಮೂರು ಪಟ್ಟು ಕಾಲವಾಗಿದೆ. ಇಳಿಸಿಕೊಳ್ಳಲು, ಮುದ್ರಿಸಲು, ಹಂಚಲು ಯಾರ ಅನುಮತಿಯೂ ಬೇಕಿಲ್ಲ.

ಇನ್ನು ಇಳಿಸಿಕೊಳ್ಳುವ ಬಗೆ. ಗುಟೆನ್‌ಬರ್ಗ್‌ನಲ್ಲಿ ಖಾತೆ ತೆರೆಯಬೇಕಿಲ್ಲ, ಓಟಿಪಿ ಕಾಯಬೇಕಿಲ್ಲ. ಹುಡುಕುವಾಗ ಲೇಖಕನ ಹೆಸರನ್ನು ಎರಡು ಆರ್, ಒಂದೇ ಟಿ ಹಾಕಿ Marryat ಎಂದು ಬರೆಯಬೇಕು. Marriott ಎಂದು ಬರೆದರೆ ಹೋಟೆಲುಗಳ ಕಂಪನಿಯ ಹೆಸರಾಗುತ್ತದೆ. ಕೆಲವು ಕಾದಂಬರಿಗಳು ಎರಡೆರಡು ಸಂಖ್ಯೆಯಡಿ ಕಾಣುತ್ತವೆ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಮುದ್ರಣಗಳಿಂದ ಸ್ವಯಂಸೇವಕರು ತಯಾರಿಸಿದ್ದು ಅದಕ್ಕೆ ಕಾರಣ. ಎರಡನ್ನೂ ತೆರೆದು ಮೊದಲ ಅಧ್ಯಾಯ ಹೋಲಿಸಿ ನೋಡಿ, ಚಿತ್ರಗಳಿರುವುದನ್ನು ಅಥವಾ ಅಡಿಟಿಪ್ಪಣಿ ಚೊಕ್ಕಟವಾಗಿರುವುದನ್ನು ಇಟ್ಟುಕೊಳ್ಳುವುದು ಜಾಣತನ.

ಮೊಬೈಲಿಗೆ ಇಪಬ್, ಅಂದರೆ ಪರದೆಯ ಅಳತೆಗೆ ಹೊಂದಿಕೊಳ್ಳುವ ಇ-ಪುಸ್ತಕದ ಕಡತವೇ ಸರಿ. ಚಿತ್ರವಿಲ್ಲದ ಇಪಬ್ ಒಂದು ಎಂಬಿಯೊಳಗೇ ಮುಗಿಯುವುದರಿಂದ ನೆಟ್‌ವರ್ಕ್ ಕುಂಟುವ ಹಳ್ಳಿಯಲ್ಲೂ ಇಳಿಯುತ್ತದೆ. ಗೂಗಲ್ ಪ್ಲೇ ಬುಕ್ಸ್‌ಗೆ ಅಪ್‌ಲೋಡ್ ಮಾಡಿಟ್ಟರೆ ಫೋನ್ ಬದಲಾದರೂ ಗುರುತು ಉಳಿಯುತ್ತದೆ. ಅಮೆಜಾನ್‌ನ ಓದುಯಂತ್ರ ಕಿಂಡಲ್ ಇರುವವರು ಹಳೆಯ ಅಭ್ಯಾಸದಂತೆ ಮೊಬಿ ಕಡತ ಕಳಿಸಿದರೆ ‘ಸೆಂಡ್ ಟು ಕಿಂಡಲ್’ ಅದನ್ನು ಈಗ ತೆಗೆದುಕೊಳ್ಳುವುದಿಲ್ಲ. 2022ರಿಂದ ಅದು ಇಪಬ್ ಅನ್ನೇ ಒಪ್ಪುತ್ತದೆ, ಅದನ್ನೇ ಕಳಿಸಿ. ಸಾದಾ ಪಠ್ಯ ಕಡತದ ಆಸೆ ಬೇಡ. ಅದರಲ್ಲಿ ಪ್ರತಿ ಸಾಲೂ ಎಪ್ಪತ್ತರ ಆಸುಪಾಸಿನ ಅಕ್ಷರಕ್ಕೆ ತುಂಡಾಗಿರುತ್ತದೆ, ಓರೆ ಅಕ್ಷರ ಇರಬೇಕಾದ ಕಡೆ ಅಡಿಗೆರೆ ಕೂತಿರುತ್ತದೆ. ಸಣ್ಣ ಪರದೆಯ ಮೇಲೆ ಅದು ಇಲಿ ಕಡಿದ ಹಾಳೆಯಂತೆ ಕಾಣುತ್ತದೆ.

ಅಸಲಿ ತೊಡಕು ಶುರುವಾಗುವುದು ಓದಲು ಕೂತಮೇಲೆ. ಇಪಬ್ ಆಪ್‌ಗಳಲ್ಲಿ ಶಬ್ದದ ಮೇಲೆ ಬೆರಳಿಟ್ಟರೆ ಅರ್ಥ ಬರುವ ಸೌಲಭ್ಯವಿದೆಯಲ್ಲ, ಮ್ಯಾರಿಯಟ್ ವಿಷಯದಲ್ಲಿ ಅದು ನೆರವಿಗಿಂತ ಹೆಚ್ಚಾಗಿ ದಾರಿ ತಪ್ಪಿಸುತ್ತದೆ. ‘ಶೀಟ್’ ಎಂದರೆ ನಿಘಂಟು ಹಾಸಿಗೆಯ ಹೊದಿಕೆ ಎನ್ನುತ್ತದೆ. ಓದುಗ ಹಾಯಿ ಇರಬೇಕು ಎಂದುಕೊಳ್ಳುತ್ತಾನೆ. ಎರಡೂ ತಪ್ಪು. ಅದು ಹಾಯಿಯ ಕೆಳಮೂಲೆಯನ್ನು ಬಿಗಿಹಿಡಿಯುವ ಹಗ್ಗ. ‘ಪೇಂಟರ್’ ಬಣ್ಣ ಬಳಿಯುವವನಲ್ಲ, ಸಣ್ಣ ದೋಣಿಯ ಮೂತಿಗೆ ಕಟ್ಟಿದ ಹಗ್ಗ. ‘ಕ್ವಾರ್ಟರ್’ ಕಾಲುಭಾಗವಲ್ಲ, ಹಡಗಿನ ಹಿಂಬದಿಯ ಮಗ್ಗುಲು. ‘ರೀಫ್’ ಬಂಡೆಯೂ ಹೌದು, ಗಾಳಿ ಹೆಚ್ಚಾದಾಗ ಹಾಯಿಯನ್ನು ಮಡಚಿ ಕಟ್ಟುವ ಪಟ್ಟಿಯೂ ಹೌದು; ಯಾವುದೆಂದು ಸಂದರ್ಭ ನೋಡಿ ತಿಳಿಯಬೇಕು, ಇಲ್ಲವಾದರೆ ಹಾಯಿ ಹೊರುವ ಕಂಬದ, ಅಂದರೆ ಕೂವೆಮರದ, ಮೇಲೆ ಬಂಡೆ ಕಟ್ಟಿದಂತಾಗುತ್ತದೆ.

ಇದಕ್ಕೆ ಮದ್ದು ಅದೇ ಜಾಲತಾಣದಲ್ಲಿ ಪುಕ್ಕಟೆ ಇದೆ, ಆದರೆ ಯಾರೂ ಹೇಳುವುದಿಲ್ಲ: ಅಡ್ಮಿರಲ್ ಸ್ಮಿತ್ 1867ರಲ್ಲಿ ಮರಣೋತ್ತರವಾಗಿ ಪ್ರಕಟವಾದ ತನ್ನ ನಾವಿಕ ಪದಕೋಶದಲ್ಲಿ ಇಂಥ ಸಾವಿರಾರು ಶಬ್ದ ಬಿಡಿಸಿದ್ದಾನೆ. ‘ಸೇಲರ್ಸ್ ವರ್ಡ್ ಬುಕ್’ ಎಂದು ಹುಡುಕಿದರೆ ಸಿಗುತ್ತದೆ. ಕಾದಂಬರಿಯ ಜೊತೆಗೇ ಇದನ್ನೂ ಇಳಿಸಿಟ್ಟುಕೊಳ್ಳದೆ ಮೊದಲ ಪುಟ ತೆರೆಯಬಾರದು ಎನ್ನುವಷ್ಟು ಅಗತ್ಯದ್ದು.

ಪದಕೋಶದಲ್ಲೂ ಸುಲಭಕ್ಕೆ ಸಿಗದ ಕೆಲವು ಸಂಗತಿಗಳಿವೆ. ಹಡಗಿನ ಎಡಮಗ್ಗುಲನ್ನು ಮ್ಯಾರಿಯಟ್ ‘ಲಾರ್ಬೋರ್ಡ್’ ಎಂದೇ ಬರೆಯುತ್ತಾನೆ. ಬಲಮಗ್ಗುಲಿನ ‘ಸ್ಟಾರ್ಬೋರ್ಡ್’ ಜೊತೆ ಬಿರುಗಾಳಿಯಲ್ಲಿ ಕಿವಿ ತಪ್ಪುತ್ತದೆಂದು 1844ರಲ್ಲಿ ನೌಕಾಪಡೆ ಅದನ್ನು ಬಿಟ್ಟು ‘ಪೋರ್ಟ್’ ಎಂದು ಕಡ್ಡಾಯ ಮಾಡಿತು. ಅವನ ಮುಖ್ಯ ಕಡಲ ಕಾದಂಬರಿಗಳೆಲ್ಲ ಅದಕ್ಕೂ ಮುಂಚಿನವು. ಇನ್ನೊಂದು ಮೋಸ: ಚುಕ್ಕಾಣಿಯ ಆಜ್ಞೆಗಳು ಆ ಕಾಲದಲ್ಲಿ ಚುಕ್ಕಾಣಿಯ ಹಿಡಿಕೆಯ ದಿಕ್ಕಿಗೆ ಹೇಳಿದವು. ಹಿಡಿಕೆ ಬಲಕ್ಕೆ ತಳ್ಳಿದರೆ ಹಡಗು ಎಡಕ್ಕೆ ತಿರುಗುತ್ತದೆ. ಇದು ಗೊತ್ತಿಲ್ಲದವನು ಪ್ರತಿ ಕಾಳಗದಲ್ಲೂ ಹಡಗನ್ನು ತಲೆಯೊಳಗೆ ಉಲ್ಟಾ ಓಡಿಸುತ್ತಾನೆ.

ಹೊತ್ತಿನ ಲೆಕ್ಕ ನಾಲ್ಕು ತಾಸಿನ ಪಾಳಿಗಳದ್ದು. ಅರ್ಧ ತಾಸಿಗೊಮ್ಮೆ ಮರಳಿನ ಗಡಿಯಾರ ಮಗುಚಿ ಗಂಟೆ ಹೊಡೆಯುತ್ತಾರೆ, ಎಂಟು ಹೊಡೆತಕ್ಕೆ ಪಾಳಿ ಮುಗಿಯಿತು. ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಮಾತ್ರ ಎರಡೆರಡು ತಾಸಿಗೆ ಮುರಿದು ದಿನಕ್ಕೆ ಏಳು ಪಾಳಿ ಮಾಡಿದ್ದರು. ಆರಿದ್ದರೆ ಒಬ್ಬನಿಗೇ ದಿನಾ ನಡುರಾತ್ರಿ ಪಾಳಿ ಬರುತ್ತದೆ, ಏಳಾದರೆ ಸರದಿ ಬದಲಾಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಮಾಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ವೇಗ ಅಳೆಯುವುದೂ ಹೀಗೇ ಕೈಲೆಕ್ಕ: 47 ಅಡಿ 3 ಅಂಗುಲಕ್ಕೊಂದು ಗಂಟು ಹಾಕಿದ ದಾರವನ್ನು ಹಲಗೆಗೆ ಕಟ್ಟಿ ನೀರಿಗೆ ಬಿಟ್ಟು, 28 ಸೆಕೆಂಡಿನ ಮರಳು ಸುರಿಯುವಷ್ಟರಲ್ಲಿ ಎಷ್ಟು ಗಂಟು ಕೈದಾಟಿ ಹೋದವೋ ಅಷ್ಟು ‘ನಾಟ್’ ವೇಗ.

ಊಟದ ಬಿಸ್ಕತ್ತು ಎಂದು ಬಂದಲ್ಲಿ ಚಹಾದ ಬಿಸ್ಕತ್ತು ನೆನೆಯಬೇಡಿ. ಕಟಕ ರೊಟ್ಟಿಯ ಧರ್ಮವೇ ಅದರದು, ನೀರಿನಂಶ ತೆಗೆದು ತಿಂಗಳುಗಟ್ಟಲೆ ಇಡುವುದು. ದಪ್ಪ ಮಾತ್ರ ಹಲ್ಲು ಮುರಿಯುವಷ್ಟು. ಆಳಿಗೆ ದಿನಕ್ಕೆ ಒಂದು ಪೌಂಡು. ಹುಳ ಬಿದ್ದಿದ್ದನ್ನು ಮೇಜಿಗೆ ಕುಟ್ಟಿ ಉದುರಿಸಿ ತಿನ್ನುತ್ತಿದ್ದರು. ತೋಪಿನ ವಿಷಯಕ್ಕೂ ಊರಿನದೇ ಒಂದು ಅಳತೆಗೋಲು ಇದೆ. ಮಲಿಕ್-ಎ-ಮೈದಾನ ಸುಮಾರು 55 ಟನ್ ಭಾರ, ಕೂತಲ್ಲೇ ಕೂತಿದೆ. 18 ಪೌಂಡಿನ ಗುಂಡು ಹಾರಿಸುವ ಫ್ರಿಗೇಟಿನ ತೋಪು ಎರಡು ಟನ್ನಿನ ಆಸುಪಾಸು, ಆದರೆ ನಾಲ್ಕು ಮರದ ಗಾಲಿಯ ಮೇಲೆ. ಹಾರಿಸಿದೊಡನೆ ಹಿಂದಕ್ಕೆ ಚಿಮ್ಮುತ್ತದೆ, ದಪ್ಪ ಹಗ್ಗವೊಂದೇ ಅದನ್ನು ತಡೆಯುವುದು. ಆ ಹಗ್ಗ ಹರಿದರೆ ತೂಗಾಡುವ ಡೆಕ್ಕಿನ ಮೇಲೆ ಎರಡು ಟನ್ ಕಬ್ಬಿಣ ಗೂಳಿಯಾಗುತ್ತದೆ. ತಪ್ಪು ಮಾಡಿದ ಎಳೆಯ ಮಿಡ್‌ಶಿಪ್‌ಮನ್‌ಗಳನ್ನು, ಅಂದರೆ ಅಧಿಕಾರಿಯಾಗಲು ಕಲಿಯುತ್ತಿದ್ದ ಹುಡುಗರನ್ನು, ಕೂವೆಮರದ ತುದಿಗೆ ಹತ್ತಿಸಿ ತಾಸುಗಟ್ಟಲೆ ಕೂರಿಸುವ ಶಿಕ್ಷೆ ಈ ಕತೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸುಮಾರು 80 ಅಡಿಯ ಉಪಲಿ ಬುರುಜಿನ ನೆತ್ತಿಯಲ್ಲಿ ನಿಂತು ಕೆಳಗೆ ನೋಡಿದವರು, ಅದಕ್ಕೂ ಎತ್ತರದ ಜಾಗ ಎಡಕ್ಕೂ ಬಲಕ್ಕೂ ಓಲಾಡುತ್ತಿದೆ ಎಂದು ಊಹಿಸಿಕೊಂಡರೆ ಸಾಕು.

ಈ ಸಿದ್ಧತೆಯೆಲ್ಲ ಯಾಕೆ ಅಂದರೆ, ಮ್ಯಾರಿಯಟ್‌ನ ಅತಿ ಒಳ್ಳೆಯ ಪುಟಗಳು ಹಡಗು ನಡೆಸುವ ಕೆಲಸದ ಪುಟಗಳು. 1834ರ ‘ಪೀಟರ್ ಸಿಂಪಲ್’ನಲ್ಲಿ ಬಿಸ್ಕೆ ಕೊಲ್ಲಿಯ ಬಿರುಗಾಳಿಯ ಅಧ್ಯಾಯವೊಂದಿದೆ. ಬರೀ ಕತೆಯೆಂದು ಓದಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಏನೂ ಅಂಟುವುದಿಲ್ಲ. ಕೆಲಸ ಗೊತ್ತಿದ್ದು ಓದಿದರೆ ಉಸಿರು ನಿಲ್ಲುತ್ತದೆ.

ಸಂಗತಿ ಇಷ್ಟು. ಅಡ್ಡಹಾಯಿಯ ಹಡಗು ಗಾಳಿಗೆ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿನಿಂದ ಸುಮಾರು 67 ಡಿಗ್ರಿ ಓರೆಯಾಗಿ ಹೋಗುವುದೇ ಅದರ ಮಿತಿ. ಗಾಳಿ ಹಡಗನ್ನು ದಡದ ಕಡೆಗೆ ತಳ್ಳುತ್ತಿದ್ದರೆ ಎರಡು ದಾರಿ. ಮೂತಿಯನ್ನು ಗಾಳಿಯ ಮೂಲಕ ಹಾಯಿಸಿ ಇನ್ನೊಂದು ಮಗ್ಗುಲಿಗೆ ಹೊರಳುವುದು ಒಂದು. ಬೆನ್ನನ್ನು ಗಾಳಿಗೆ ಕೊಟ್ಟು ಸುತ್ತುಹಾಕಿ ತಿರುಗುವುದು ಇನ್ನೊಂದು. ಎರಡನೆಯದಕ್ಕೆ ಜಾಗ ಬೇಕು, ಸುತ್ತುವಷ್ಟರಲ್ಲಿ ದಡ ಇನ್ನೂ ಹತ್ತಿರ ಬಂದಿರುತ್ತದೆ. ಮೊದಲನೆಯದಕ್ಕೆ ವೇಗ ಬೇಕು. ಅಲೆ ಎದೆಗೆ ಹೊಡೆಯುವಾಗ ಹಡಗು ಗಾಳಿಗೆ ಮುಖ ಮಾಡಿ ಅರ್ಧಕ್ಕೇ ನಿಂತುಬಿಡುತ್ತದೆ, ಆಮೇಲೆ ಹಿಂದಕ್ಕೆ ಜಾರುತ್ತದೆ. ಎರಡೂ ಆಗದ ಹೊತ್ತಿಗೆ ಉಳಿಯುವುದು ಮೂರನೆಯ, ಕೊನೆಯ ಉಪಾಯ. ದಡದ ಮಗ್ಗುಲಿನ ಲಂಗರನ್ನು ಮೊದಲೇ ಸಡಿಲಿಸಿ, ಅದರ ಹಗ್ಗದ ಪಕ್ಕ ಕೊಡಲಿ ಹಿಡಿದು ಆಳು ನಿಲ್ಲಿಸಬೇಕು. ಚುಕ್ಕಾಣಿ ತಿರುಗಿಸಿ ಮೂತಿಯನ್ನು ಗಾಳಿಗೆ ತರಬೇಕು. ಅದು ಬಂದು ನಿಂತ ಕ್ಷಣದಲ್ಲೇ ಲಂಗರು ಬಿಡಬೇಕು. ಲಂಗರು ತಳ ಕಚ್ಚಿದೊಡನೆ ಹಡಗಿನ ಮೂತಿ ಜಗ್ಗಿ ಇನ್ನೊಂದು ಕಡೆಗೆ ಹೊರಳುತ್ತದೆ. ಇಕ್ಕಟ್ಟಿನ ಓಣಿಯಲ್ಲಿ ಒಳಗಾಲಿಗೆ ಕಟ್ಟಿಗೆ ತುಂಡು ಕೊಟ್ಟು ಚಕ್ಕಡಿ ಹೊರಳಿಸುತ್ತಾರಲ್ಲ, ಅದೇ ತತ್ವ. ಹೊರಳಿದ ಕೂಡಲೇ ಹಾಯಿ ಕಟ್ಟಿದ ಅಡ್ಡಮರಗಳನ್ನು ತಿರುಗಿಸಿ, ಹಾಯಿ ತುಂಬುತ್ತಿದ್ದಂತೆ ಕೊಡಲಿಯಿಂದ ಹಗ್ಗ ಕಡಿದುಬಿಡಬೇಕು. ಲಂಗರು ಸಮುದ್ರಕ್ಕೆ, ಹಡಗು ಬಯಲಿಗೆ.

ಕೆಡುವ ಜಾಗಗಳೂ ಅಷ್ಟೇ ಇವೆ. ಲಂಗರು ತಳ ಕಚ್ಚದಿದ್ದರೆ ಮೂತಿ ಹೊರಳುವುದಿಲ್ಲ. ಕೊಡಲಿ ಅವಸರ ಮಾಡಿದರೆ ಹಡಗು ಹಳೆಯ ಮಗ್ಗುಲಿಗೇ ಬೀಳುತ್ತದೆ, ತಡ ಮಾಡಿದರೆ ಲಂಗರೇ ಹಡಗನ್ನು ದಡದ ಎದುರು ಕಟ್ಟಿಹಾಕುತ್ತದೆ. ಹಡಗು ಹಿಮ್ಮುಖ ಚಲಿಸಲು ಶುರುವಾದರೆ ಚುಕ್ಕಾಣಿಯ ಪರಿಣಾಮ ಉಲ್ಟಾ ಆಗುತ್ತದೆ, ಅದನ್ನು ಅದೇ ಗಳಿಗೆಯಲ್ಲಿ ಬದಲಿಸಬೇಕು. ಎರಡನೇ ಅವಕಾಶವಿಲ್ಲ. ಈ ನಾಲ್ಕು ಸಾಲು ತಲೆಯಲ್ಲಿಟ್ಟುಕೊಂಡು ಆ ಅಧ್ಯಾಯ ಓದಿದವರಿಗೆ, ಡೆಕ್ಕಿನ ಮೇಲೆ ಯಾರೂ ಮಾತಾಡದ ಆ ಮೌನದ ಬೆಲೆ ತಿಳಿಯುತ್ತದೆ. ಕಡಲು ಕಾಣದೆ ಬರೆದವನಿಂದ ಆ ಪುಟ ಬರುವುದು ಸಾಧ್ಯವಿರಲಿಲ್ಲ.

ಯಾವುದರಿಂದ ಶುರುಮಾಡಬೇಕು? ಪದವಿಪೂರ್ವದ ಇಂಗ್ಲಿಷ್ ಇರುವವರಿಗೆ 1836ರ ‘ಮಿಸ್ಟರ್ ಮಿಡ್‌ಶಿಪ್‌ಮನ್ ಈಸಿ’. ನಗೆ ಇದೆ, ವೇಗವಿದೆ, ಸಮಾನತೆಯ ತತ್ವ ತಲೆಗೇರಿಸಿಕೊಂಡ ಹುಡುಗನೊಬ್ಬ ಶಿಸ್ತೇ ದೇವರಾದ ಹಡಗಿಗೆ ಬಂದು ಬೀಳುವ ತಮಾಷೆಯಿದೆ. ಎರಡನೆಯದು ‘ಪೀಟರ್ ಸಿಂಪಲ್’. ಚಿಕ್ಕ ಹುಡುಗರಿಗೆ ‘ಮಾಸ್ಟರ್‌ಮನ್ ರೆಡಿ’. ಆ ಕಾಲಕ್ಕೆ ಮನೆಮಾತಾಗಿದ್ದ ದ್ವೀಪದ ಕತೆಯೊಂದನ್ನು ಮುಂದುವರಿಸೆಂದು ಮ್ಯಾರಿಯಟ್‌ನ ಮಕ್ಕಳು ಗಂಟುಬಿದ್ದರಂತೆ. ಅದರಲ್ಲಿನ ನಾವಿಕ ವಿದ್ಯೆಯೂ ಭೂಗೋಳವೂ ತಪ್ಪೆಂದು ತಲೆಕೆಟ್ಟು ಬೇರೆಯದನ್ನೇ ಬರೆದ. ಉಪದೇಶ ತುಸು ಜಾಸ್ತಿ, ಆದರೆ ಒಡೆದ ಹಡಗಿನಿಂದ ಏನನ್ನು ಮೊದಲು ಇಳಿಸಬೇಕು, ನೀರು ಎಲ್ಲಿ ಹುಡುಕಬೇಕು ಎಂಬ ವಿವರ ಗಟ್ಟಿ. 1829ರ ಮೊದಲ ಕಾದಂಬರಿ ‘ಫ್ರಾಂಕ್ ಮಿಲ್ಡ್‌ಮೇ’ಯನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ನಾಯಕ ಕೆಟ್ಟವನು. ಆ ಕೆಟ್ಟತನವೆಲ್ಲ ಲೇಖಕನದೇ ಎಂದು ಓದುಗರು ತಿಳಿದಾಗ, ಅಲ್ಲವೆಂದು ಅವನೇ ಪತ್ರಿಕೆಯಲ್ಲಿ ಹೇಳಬೇಕಾಯಿತು.

ಮಕ್ಕಳ ಕೈಗೆ ಕೊಡುವ ಮುನ್ನ ದೊಡ್ಡವರಿಗೆ ಒಂದು ಮಾತು. ಕಪ್ಪು ಜನರ ಬಗ್ಗೆ, ಗುಲಾಮಗಿರಿಯ ಬಗ್ಗೆ, ಪರದೇಶದವರ ಬಗ್ಗೆ ಇಲ್ಲಿ ಬರುವ ಮಾತುಗಳು ಇಂದು ಕಿವಿಗೆ ಚುಚ್ಚುತ್ತವೆ. ಗುಟೆನ್‌ಬರ್ಗ್ ಪಠ್ಯವನ್ನು ಇದ್ದಂತೆಯೇ ಕೊಡುತ್ತದೆ, ಎಚ್ಚರಿಕೆಯ ಟಿಪ್ಪಣಿ ಇರುವುದಿಲ್ಲ. ನಮ್ಮ ಕಡೆಯ ಓದುಗನಿಗೆ ಇನ್ನೊಂದು ಲೆಕ್ಕವೂ ಇದೆ. ಮ್ಯಾರಿಯಟ್ ರಂಗೂನಿನಲ್ಲಿ ಬ್ರಿಟಿಷ್ ಬಾವುಟದಡಿ ಕಾದಾಡುತ್ತಿದ್ದ 1824ರಲ್ಲೇ, ಅಕ್ಟೋಬರ್ 23ರಂದು, ಕಿತ್ತೂರಿನ ಕೋಟೆಯೆದುರು ಕಂಪನಿಯ ಕಲೆಕ್ಟರ್ ಥ್ಯಾಕರೆ ಚೆನ್ನಮ್ಮನ ಪಡೆಯ ಗುಂಡಿಗೆ ಬಿದ್ದ. ಈ ಕತೆಗಳಲ್ಲಿ ‘ಶತ್ರು’ ಎಂದು ಬರುವ ಪಕ್ಕದಲ್ಲಿ ನಮ್ಮವರೂ ನಿಂತಿದ್ದರು. ಅದನ್ನು ಮರೆತು ಓದಬೇಕಿಲ್ಲ, ಅದಕ್ಕಾಗಿ ಓದದೆ ಬಿಡಬೇಕಾಗಿಯೂ ಇಲ್ಲ.

ಕೇಳುವ ಪುಸ್ತಕ ಬೇಕಿದ್ದವರಿಗೆ ಲಿಬ್ರಿವಾಕ್ಸ್ ಇದೆ, ಅದೂ ಪುಕ್ಕಟೆ, ಅದೂ ಸ್ವಯಂಸೇವಕರದು. 64 ಕೆಬಿಪಿಎಸ್ ಕಡತ ತಾಸಿಗೆ ಸುಮಾರು 29 ಎಂಬಿ ತಿನ್ನುತ್ತದೆ, 128ರದು ಅದರ ದುಪ್ಪಟ್ಟು; ಮಾತಿಗೆ 64 ಧಾರಾಳ. ಅಧ್ಯಾಯಕ್ಕೊಬ್ಬರು ಓದಿದ ಆವೃತ್ತಿಗಿಂತ ಒಬ್ಬರೇ ಓದಿದ್ದು ಆರಿಸಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಮುದ್ರಣಗಳ ಪುಟಚಿತ್ರಗಳಿವೆ, ನೋಡಲು ಚಂದ. ಆದರೆ ಅಲ್ಲಿನ ಇಪಬ್ ಯಂತ್ರ ಓದಿ ತೆಗೆದದ್ದು. ‘ಎಚ್’ ಇರುವಲ್ಲಿ ‘ಬಿ’, ಎರಡು ಅಕ್ಷರ ಕೂಡಿ ಒಂದು, ಪುಟದ ತಲೆಬರಹ ವಾಕ್ಯದ ನಡುವೆ. ಓದಲು ಗುಟೆನ್‌ಬರ್ಗ್, ಚಿತ್ರ ನೋಡಲು ಆರ್ಕೈವ್ ಎಂದು ಹಂಚಿಕೊಂಡರೆ ತಕರಾರಿಲ್ಲ.

ಪರದೆಯ ಮೇಲೆ ಓದಲಾರದವರಿಗೆ, ಶಾಲೆಯ ಗ್ರಂಥಾಲಯಕ್ಕೆ ಇಡಬೇಕೆಂದವರಿಗೆ, ಊರಲ್ಲೇ ಮುದ್ರಿಸುವ ದಾರಿ ಇದೆ. ಗಾಂಧಿ ಚೌಕದ ಸುತ್ತಮುತ್ತಲಿನ ಝೆರಾಕ್ಸ್ ಅಂಗಡಿ ಸಾಕು. ಕೆಡುವುದು ಅಂಗಡಿಯಲ್ಲಲ್ಲ, ಮನೆಯಲ್ಲಿ ಮಾಡುವ ತಯಾರಿಯಲ್ಲಿ.

ಎಚ್‌ಟಿಎಂಎಲ್ ಪುಟ ತೆರೆದು ಪೂರ್ತಿ ನಕಲಿಸಿ ಲಿಬ್ರೆ ಆಫೀಸ್‌ಗೆ ಹಾಕಿ. ಪುಟದ ಅಳತೆ ಎ5. ಒಳಗಿನ ಅಂಚು 20 ಮಿಲಿಮೀಟರ್, ಹೊರಗಿನದು 15. ಅಕ್ಷರ 11 ಪಾಯಿಂಟ್. 10ಕ್ಕೆ ಇಳಿಸಿದರೆ ಐವತ್ತು ಪುಟ ಉಳಿಯಬಹುದು, ನಲವತ್ತು ದಾಟಿದ ಕಣ್ಣು ಉಳಿಯುವುದಿಲ್ಲ. ಈ ಅಳತೆಗೆ ‘ಮಿಡ್‌ಶಿಪ್‌ಮನ್ ಈಸಿ’ ಸುಮಾರು 400 ಪುಟ. ಎ4 ಹಾಳೆಯೊಂದರಲ್ಲಿ ನಾಲ್ಕು ಎ5 ಪುಟ, ಅಂದರೆ 100 ಹಾಳೆ. ನಾಲ್ಕು ಹಾಳೆ ಒಟ್ಟಿಗೆ ಮಡಚಿದರೆ 16 ಪುಟದ ಒಂದು ಫಾರಂ. ಒಟ್ಟು 25 ಫಾರಂ. ಪಿಡಿಎಫ್ ಮಾಡಿ, ಮುದ್ರಿಸುವಾಗ ‘ಬುಕ್‌ಲೆಟ್’ ಆರಿಸಿ, 1ರಿಂದ 16, 17ರಿಂದ 32 ಎಂದು ಹದಿನಾರು ಹದಿನಾರರ ಗುಂಪು ಕೊಡಬೇಕು. ಪೂರ್ತಿ 400 ಪುಟಕ್ಕೆ ಒಂದೇ ಸಲ ಬುಕ್‌ಲೆಟ್ ಒತ್ತಿದರೆ ನೂರು ಹಾಳೆಯ ಒಂದೇ ದಪ್ಪ ಮಡಿಕೆ ಬರುತ್ತದೆ, ಅದು ಮಡಚುವುದೂ ಇಲ್ಲ ಹೊಲಿಯುವುದೂ ಇಲ್ಲ. ಎರಡೂ ಬದಿ ಮುದ್ರಣದಲ್ಲಿ ‘ಶಾರ್ಟ್ ಎಡ್ಜ್’ ಕಡೆ ಮಗುಚುವಂತೆ ಇಡಿ. ‘ಲಾಂಗ್ ಎಡ್ಜ್’ ಆದರೆ ಹಿಂಬದಿ ತಲೆಕೆಳಗು. ಮೊದಲ ಫಾರಂ ಒಂದನ್ನೇ ತೆಗೆದು ಮಡಚಿ, ಪುಟಸಂಖ್ಯೆ ಸಾಲಾಗಿ ಬಂದಿದೆಯೋ ನೋಡಿ, ಆಮೇಲೆ ಉಳಿದ 24.

ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೊ, ತುಸು ಹಳದಿ ಛಾಯೆಯ ನ್ಯಾಚುರಲ್ ಶೇಡ್ ಸಿಕ್ಕರೆ ಬಿಡಬೇಡಿ. ಇಲ್ಲೊಂದು ಸೂಕ್ಷ್ಮವಿದೆ. ಎ4 ಕಾಗದದ ನಾರಿನ ಎಳೆ ಸಾಮಾನ್ಯವಾಗಿ ಉದ್ದಕ್ಕೆ ಓಡಿರುತ್ತದೆ. ಅದನ್ನು ನಡುವೆ ಮಡಚಿ ಎ5 ಮಾಡಿದರೆ ಎಳೆ ಬೆನ್ನಿಗೆ ಅಡ್ಡವಾಗುತ್ತದೆ. ಪುಟಗಳು ಬಿರುಸಾಗಿ ನಿಲ್ಲುತ್ತವೆ, ಪುಸ್ತಕ ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ, ಅಂಟು ತಾಕಿದಲ್ಲಿ ಬೆನ್ನ ಬಳಿ ಅಲೆಅಲೆಯಾಗಿ ಸುಕ್ಕು ಬರುತ್ತದೆ. ಎಳೆ ಯಾವ ಕಡೆಗೆಂದು ತಿಳಿಯಲು ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ. ಸುಲಭಕ್ಕೆ ಬಾಗುವ ಮಡಿಕೆ ಎಳೆಯ ದಿಕ್ಕು. ಕಾಗದದಂಗಡಿಯಲ್ಲಿ ದೊಡ್ಡ ಹಾಳೆ ಕೊಂಡು, ಎಳೆ ಗಿಡ್ಡಬದಿಗೆ ಬರುವಂತೆ ಎ4 ಅಳತೆಗೆ ಕತ್ತರಿಸಿ ಕೊಡಿ ಎಂದರೆ ಕೊಡುತ್ತಾರೆ. ಅಷ್ಟು ಗೊಡವೆ ಬೇಡವಾದರೆ ಈ ದೋಷ ಸಹಿಸಿಕೊಳ್ಳಬೇಕು.

ಬೈಂಡಿಂಗ್‌ನಲ್ಲಿ ‘ಪರ್ಫೆಕ್ಟ್’ ಎಂಬ ಹೆಸರಿಗೆ ಮರುಳಾಗಬೇಡಿ. ಬೆನ್ನು ಕೊಯ್ದು ಬಿಸಿ ಅಂಟು ಹಚ್ಚುವ ಕ್ರಮ ಅದು. ತಗಡಿನ ಮಾಡಿನ ಕೆಳಗೆ, ಏಪ್ರಿಲ್–ಮೇ ಬಿಸಿಲಿನಲ್ಲಿ ಅಂಟು ಸಡಿಲಾಗುತ್ತದೆ. ಮೂರನೆಯ ಓದಿಗೆ ನಡುವಿನ ಅಧ್ಯಾಯ ಕೈಗೆ ಬಂದಿರುತ್ತದೆ. ಸ್ಪೈರಲ್ ಹಾಕಿದ್ದು ನೋಟ್ಸ್‌ಗೆ ಸರಿ, ಕಪಾಟಿನಲ್ಲಿ ನಿಲ್ಲುವುದಿಲ್ಲ. ಫಾರಂ ಫಾರಂ ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಕ್ಯಾಲಿಕೊ ಬಟ್ಟೆ ಅಂಟಿಸಿದ್ದು ಮಾತ್ರ ಗ್ರಂಥಾಲಯದ ಹುಡುಗರ ಕೈ ತಡೆಯುತ್ತದೆ. ದಾರ ಸೇರಿ ಬೆನ್ನು ಎರಡು ಸೆಂಟಿಮೀಟರ್ ದಾಟುತ್ತದೆ. ರಟ್ಟಿನ ಅಳತೆಯನ್ನು ಹೊಲಿದಾದ ಮೇಲೆ ತೆಗೆಯಬೇಕು, ಮೊದಲಲ್ಲ. ಮೈದಾ ಅಂಟು ಬಳಸುವ ಬೈಂಡರ್ ಆದರೆ ಚಿಟಿಕೆ ಮೈಲುತುತ್ತ ಹಾಕಿದ್ದಾರೋ ಕೇಳಿ. ಹಾಕದಿದ್ದರೆ ಬೆಳ್ಳಿಹುಳಕ್ಕೆ ಹಬ್ಬ. ಅದು ವಿಷ, ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಆನ್‌ಲೈನಿನಲ್ಲಿ ಮಾರಾಟಕ್ಕಿರುವ ಅಗ್ಗದ ಮರುಮುದ್ರಣಗಳ ಬಗ್ಗೆ ಎರಡೇ ಮಾತು. ಹೆಚ್ಚಿನವು ಇದೇ ಪುಕ್ಕಟೆ ಪಠ್ಯವನ್ನೋ, ಯಂತ್ರ ಓದಿದ ಹೊಲಸನ್ನೋ ಸಣ್ಣ ಅಕ್ಷರದಲ್ಲಿ ಒತ್ತಿದವು. ಮುಖಪುಟದಲ್ಲಿ ಮ್ಯಾರಿಯಟ್ ಕಾಲಕ್ಕೆ ಹುಟ್ಟೇ ಇರದ ಉಕ್ಕಿನ ಹಡಗಿನ ಚಿತ್ರ. ಮಕ್ಕಳಿಗಾಗಿ ಕತ್ತರಿಸಿದ್ದನ್ನು ಹಾಗೆಂದು ಹೇಳದೆ ಮಾರುವವರೂ ಇದ್ದಾರೆ. ‘ಮಿಡ್‌ಶಿಪ್‌ಮನ್ ಈಸಿ’ಗೆ 41 ಅಧ್ಯಾಯ. ಮಾದರಿ ಪುಟದ ಪರಿವಿಡಿಯಲ್ಲಿ ಅಷ್ಟು ಕಾಣದಿದ್ದರೆ ದುಡ್ಡು ಕೊಡಬೇಡಿ. ನೀವೇ ಮುದ್ರಿಸಿ ಮಾರುವ ಆಲೋಚನೆ ಇದ್ದರೆ ಗುಟೆನ್‌ಬರ್ಗ್‌ನ ಹೆಸರನ್ನೂ, ಕಡತದ ತಲೆಗೂ ಬಾಲಕ್ಕೂ ಇರುವ ಪರವಾನಗಿ ಪಠ್ಯವನ್ನೂ ತೆಗೆದುಹಾಕಬೇಕು. ಹೆಸರು ಉಳಿಸಿಕೊಂಡು ಮಾರಿದರೆ ಲಾಭದ ಶೇ. 20 ಅವರಿಗೆ ಸಲ್ಲಬೇಕೆಂಬ ಷರತ್ತಿದೆ. ಮನೆಗೆ, ಶಾಲೆಗೆ ಮಾಡಿಕೊಂಡರೆ ಯಾವ ತಕರಾರೂ ಇಲ್ಲ.

ಪುಟಗಳು ಹದಿನಾರರ ಲೆಕ್ಕಕ್ಕೆ ಸರಿಯಾಗಿ ಬರುವುದು ಅಪರೂಪ. ಕೊನೆಯ ಫಾರಂನಲ್ಲಿ ಐದಾರು ಪುಟ ಖಾಲಿ ಉಳಿಯುತ್ತವೆ. ಬೈಂಡರ್ ಅದನ್ನು ಕತ್ತರಿಸುತ್ತೇನೆ ಎಂದರೆ ಬೇಡ ಎನ್ನಿ. ಮೊದಲ ಪುಟದಲ್ಲಿ ಮೂರು ಕೂವೆಮರದ ಹಡಗಿನ ಒಂದು ಗೆರೆಚಿತ್ರ ಬರೆದು ಎಡ, ಬಲ, ಮೂತಿ, ಹಿಂಬದಿ ಗುರುತು ಹಾಕಿ. ಮುಂದಿನದರಲ್ಲಿ ಏಳು ಪಾಳಿಗಳ ಪಟ್ಟಿ. ಉಳಿದವನ್ನು ಹಗ್ಗಗಳ ಹೆಸರಿಗೆ ಬಿಡಿ, ಓದುತ್ತ ಓದುತ್ತ ತುಂಬುತ್ತವೆ.